ಬ್ಯಾಂಕಿನ ಹೆಸರಿನಲ್ಲಿ ಬಂದ ಮೇಲ್‌ನ ಲಿಂಕನ್ನು ತಾಯಿಯವರು ಒತ್ತಿದ್ದಾರೆ, ಈಗ ಏನು ಮಾಡಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಶಿವಮೊಗ್ಗದಲ್ಲಿ ಒಬ್ಬರೇ ಇರುವ, ನಿವೃತ್ತ ಶಿಕ್ಷಕಿಯಾದ ನಿಮ್ಮ ತಾಯಿಯವರಿಗೆ ‘ಕೆವೈಸಿ ಅವಧಿ ಮುಗಿದಿದೆ, ಇಂದು ಸಂಜೆಯೊಳಗೆ ನವೀಕರಿಸದಿದ್ದರೆ ಪಿಂಚಣಿ ಖಾತೆ ಸ್ಥಗಿತಗೊಳ್ಳುತ್ತದೆ’ ಎಂಬ ಮೇಲ್ ಬಂದಿದೆ. ಅದರಲ್ಲಿ ಬ್ಯಾಂಕಿನ ಲಾಂಛನ, ತಾಯಿಯವರ ಪೂರ್ಣ ಹೆಸರು, ಖಾತೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ಎಲ್ಲವೂ ಸರಿಯಾಗಿವೆ. ಅವರು ಲಿಂಕ್ ಒತ್ತಿದ್ದಾರೆ, ಆದರೆ ಪಾಸ್‌ವರ್ಡ್ ತುಂಬಿದರೋ ಇಲ್ಲವೋ ನೆನಪಿಲ್ಲ ಎನ್ನುತ್ತಿದ್ದಾರೆ. ಇಂಥ ಮೇಲ್‌ಗಳನ್ನು ಗುರುತಿಸುವುದು ಹೇಗೆ, ಈಗ ಮಾಡಬೇಕಾದದ್ದೇನು ಎಂಬುದು ನಿಮ್ಮ ಪ್ರಶ್ನೆ. ನಾನು ಬಹಳ ವರ್ಷ ಬ್ಯಾಂಕ್ ಶಾಖೆಯಲ್ಲಿ ಕೆಲಸ ಮಾಡಿದವನು. ಹಣ ಕಳೆದುಕೊಂಡು ಪಾಸ್‌ಬುಕ್ ಹಿಡಿದು ಬಂದ ಹಿರಿಯರೊಡನೆ ಕುಳಿತು ದೂರು ಬರೆಸಿದ್ದೇನೆ. ಎರಡನೆಯ ಪ್ರಶ್ನೆ ಕಾಯುವಂಥದ್ದಲ್ಲವಾದ್ದರಿಂದ ಅದಕ್ಕೇ ಮೊದಲು ಉತ್ತರಿಸುತ್ತೇನೆ.

ನೆನಪಿಲ್ಲವೆಂದರೆ ಪಾಸ್‌ವರ್ಡ್ ತುಂಬಿದ್ದಾರೆಂದೇ ಭಾವಿಸಿ ಮುಂದುವರಿಯಿರಿ. ತಾಯಿಯವರ ಎಟಿಎಂ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ಸಂಖ್ಯೆಗೆ ಅವರೇ ಕರೆ ಮಾಡಿ ನೆಟ್‌ಬ್ಯಾಂಕಿಂಗನ್ನೂ ಕಾರ್ಡನ್ನೂ ತಡೆಹಿಡಿಯುವಂತೆ ಹೇಳಲಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿ. ಸಹಾಯವಾಣಿಯ ಸಂಖ್ಯೆಯನ್ನು ಇಂಟರ್‌ನೆಟ್‌ನಲ್ಲಿ ಹುಡುಕಬೇಡಿ. ನಕಲಿ ಗ್ರಾಹಕ ಸೇವಾ ಸಂಖ್ಯೆಗಳನ್ನು ಅಲ್ಲಿ ಹರಡಿ ಕಾದು ಕುಳಿತವರೂ ಇದ್ದಾರೆ. ಅನಂತರ ಬೇರೊಂದು ಫೋನಿನಿಂದ, ಬ್ಯಾಂಕಿನ ಅಧಿಕೃತ ಆ್ಯಪ್ ಮೂಲಕ ಪಾಸ್‌ವರ್ಡ್ ಬದಲಿಸಬೇಕು. ಮೇಲ್ ಖಾತೆಗೂ ಅದೇ ಪಾಸ್‌ವರ್ಡ್ ಇದ್ದರೆ ಅದನ್ನೂ ಬದಲಿಸಿ, ಬಂದ ಮೇಲ್‌ಗಳು ಬೇರೆ ವಿಳಾಸಕ್ಕೆ ತಾವಾಗಿ ರವಾನೆಯಾಗುವಂತೆ ಯಾರಾದರೂ ಸೆಟ್ಟಿಂಗ್ ಮಾಡಿದ್ದಾರೆಯೇ ಎಂದು ನೋಡಿ. ಲಿಂಕ್ ಒತ್ತಿದಾಗ ತೆರೆದ ಪುಟವು ಫೋನಿನಲ್ಲಿ ಯಾವುದಾದರೂ ಆ್ಯಪ್ ಹಾಕಿಸಿದ್ದರೆ ಸಂಗತಿ ಇನ್ನೂ ಗಂಭೀರ. ಅಂಥ ಆ್ಯಪ್‌ಗಳು ಫೋನಿಗೆ ಬರುವ ಒಟಿಪಿ ಸಂದೇಶಗಳನ್ನು ವಂಚಕರಿಗೆ ಕಳಿಸಬಲ್ಲವು. ಆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮೇಲಿನ ಕರೆಯನ್ನೂ ಬೇರೆ ಫೋನಿನಿಂದಲೇ ಮಾಡಬೇಕು.

ಉಳಿತಾಯ ಖಾತೆಯ ಬಾಕಿ ಹಣ ಹಾಗೇ ಇದೆಯೆಂದು ಸಮಾಧಾನಪಟ್ಟುಕೊಳ್ಳಬೇಡಿ. ಹೊಸ ಬೆನಿಫಿಶಿಯರಿ (ಹಣ ಕಳಿಸಲು ನೋಂದಾಯಿಸಿದ ಬೇರೆಯವರ ಖಾತೆ) ಸೇರಿದೆಯೇ, ದಿನದ ವರ್ಗಾವಣೆ ಮಿತಿ ಏರಿದೆಯೇ, ನೋಂದಾಯಿತ ಮೊಬೈಲ್ ಸಂಖ್ಯೆ ಅಥವಾ ಮೇಲ್ ವಿಳಾಸ ಬದಲಾಗಿದೆಯೇ ಎಂದು ನೋಡಬೇಕು. ನಿವೃತ್ತರ ವಿಷಯದಲ್ಲಿ ನನಗೆ ಹೆಚ್ಚು ಆತಂಕವಿರುವುದು ಎಫ್‌ಡಿಗಳ ಬಗ್ಗೆ. ನೆಟ್‌ಬ್ಯಾಂಕಿಂಗ್ ಒಳಗೆ ಹೋದವನಿಗೆ ಎಫ್‌ಡಿಯನ್ನು ಅವಧಿಗೆ ಮುನ್ನವೇ ಮುರಿಯಲು, ಅಥವಾ ಅದರ ಮೇಲೆ ಆನ್‌ಲೈನ್‌ನಲ್ಲಿಯೇ ಸಾಲ ಎತ್ತಲು ದಾರಿ ಇರುತ್ತದೆ. ಜೀವಮಾನದ ಉಳಿತಾಯ ಇರುವುದೇ ಅಲ್ಲಿ. ಎಫ್‌ಡಿಯನ್ನು ಆನ್‌ಲೈನ್‌ನಲ್ಲಿ ಮುರಿಯದಂತೆ ನಿರ್ಬಂಧಿಸುವ ಸೌಲಭ್ಯ ಅವರ ಬ್ಯಾಂಕಿನಲ್ಲಿದ್ದರೆ ಶಾಖೆಗೆ ಲಿಖಿತ ಮನವಿ ಕೊಟ್ಟು ಅದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು.

ಹಣ ಹೋಗಿರುವುದು ಕಂಡುಬಂದರೆ ಒಂದು ನಿಮಿಷವೂ ತಡಮಾಡದೆ 1930ಕ್ಕೆ ಕರೆ ಮಾಡಿ. ಇದು ಕೇಂದ್ರ ಗೃಹ ಸಚಿವಾಲಯದ ವ್ಯವಸ್ಥೆಯಡಿ ದೇಶಾದ್ಯಂತ ಇರುವ ಸೈಬರ್ ಹಣಕಾಸು ವಂಚನೆಯ ಸಹಾಯವಾಣಿ. ಇಲ್ಲಿ ದೂರು ದಾಖಲಾದೊಡನೆ ಹಣ ತಲುಪಿದ ಖಾತೆಯ ಬ್ಯಾಂಕಿಗೆ ಮಾಹಿತಿ ಹೋಗಿ, ಅಲ್ಲಿ ಉಳಿದಿರುವಷ್ಟು ಮೊತ್ತವನ್ನು ತಡೆಹಿಡಿಯಲಾಗುತ್ತದೆ. ವಂಚಕರು ಬಾಡಿಗೆಗೆ ಪಡೆದ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಣ ಸಾಗಿಸಿ ಎಟಿಎಂನಲ್ಲಿ ತೆಗೆಯುವ ಮೊದಲೇ ಈ ಕೆಲಸ ಆಗಬೇಕು. ಆದ್ದರಿಂದಲೇ ಮೊದಲ ಕೆಲವು ಗಂಟೆಗಳಿಗೆ ಇಷ್ಟು ಬೆಲೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿಯೂ ದೂರು ಸಲ್ಲಿಸಬಹುದು. ಕರ್ನಾಟಕದ ಜಿಲ್ಲಾ ಕೇಂದ್ರಗಳಲ್ಲಿ ಇಂಥ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗಳಿವೆ, ಶಿವಮೊಗ್ಗದಲ್ಲಿಯೂ ಇದೆ. ಮೇಲ್ ಅನ್ನು ಅಳಿಸಬೇಡಿ, ಅದು ಸಾಕ್ಷ್ಯ. ಸುಮ್ಮನೆ ಫಾರ್ವರ್ಡ್ ಮಾಡಿದರೆ ಅದು ಎಲ್ಲಿಂದ ಹೊರಟು ಯಾವ ಸರ್ವರ್‌ಗಳನ್ನು ದಾಟಿ ಬಂತೆಂಬ ವಿವರ ಕಳೆದುಹೋಗುತ್ತದೆ, ಹಾಗಾಗಿ ಬ್ಯಾಂಕಿಗಾಗಲಿ ಪೊಲೀಸರಿಗಾಗಲಿ ಅದನ್ನು ಅಟ್ಯಾಚ್‌ಮೆಂಟ್ ರೂಪದಲ್ಲಿಯೇ ಕಳಿಸಿ.

ಬ್ಯಾಂಕಿಗೆ ಎಷ್ಟು ಗಂಟೆಗೆ ತಿಳಿಸಿದಿರಿ ಎಂಬುದು ಏಕೆ ದಾಖಲಾಗಬೇಕು ಎಂಬುದನ್ನೂ ಹೇಳಬೇಕು, ಏಕೆಂದರೆ ಈ ನಿಯಮವನ್ನು ಗ್ರಾಹಕರಿಗೆ ಬಿಡಿಸಿ ಹೇಳುವವರು ಕಡಿಮೆ. ಅನಧಿಕೃತ ಎಲೆಕ್ಟ್ರಾನಿಕ್ ವಹಿವಾಟುಗಳಲ್ಲಿ ಗ್ರಾಹಕರ ಹೊಣೆ ಎಷ್ಟೆಂಬುದರ ಬಗ್ಗೆ ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಸುತ್ತೋಲೆ ಹೊರಡಿಸಿತು. ಅದರ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲ ಗ್ರಾಹಕರದೂ ಅಲ್ಲ ಎನ್ನುವ ಸಂದರ್ಭದಲ್ಲಿ, ಬ್ಯಾಂಕಿನಿಂದ ವಹಿವಾಟಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಶೂನ್ಯ. 4ರಿಂದ 7 ಕೆಲಸದ ದಿನಗಳೊಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಗೆ ಗರಿಷ್ಠ 10,000 ರೂಪಾಯಿ. ಆದರೆ ಗ್ರಾಹಕರೇ ಪಾಸ್‌ವರ್ಡ್ ಅಥವಾ ಒಟಿಪಿ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಗ್ರಾಹಕರದೇ, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಅಂದರೆ ನಿಮ್ಮ ತಾಯಿಯವರ ಪ್ರಕರಣದಲ್ಲಿ ಯಾವ ನಷ್ಟ ಯಾರ ಪಾಲಿಗೆ ಎಂಬುದು ಆ ಕರೆಯ ಸಮಯದ ಮೇಲೆಯೇ ನಿಂತಿರಬಹುದು. ಮುಂಜಾನೆ ಶಾಖೆ ತೆರೆಯಲಿ, ಮ್ಯಾನೇಜರನ್ನು ನೋಡಿ ಹೇಳೋಣ ಎಂದು ಇಡೀ ರಾತ್ರಿ ಕಾದವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ದೂರಿಗೆ ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ಗ್ರಾಹಕರ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು.

ಇನ್ನು ಗುರುತಿಸುವ ವಿಚಾರ. ಮೇಲ್‌ನ ರೂಪ ನೋಡಿ ಅಸಲಿಯೋ ನಕಲಿಯೋ ಎಂದು ತೀರ್ಮಾನಿಸುವ ಕಾಲ ಹೋಯಿತು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಗುಣಿತದ ತಪ್ಪು ಹುಡುಕಿ ಎಂಬ ಹಳೆಯ ಸಲಹೆ ಈಗ ಅಪಾಯಕಾರಿ. ತಪ್ಪಿಲ್ಲದ ಮೇಲ್ ಕಂಡರೆ ಜನ ನಂಬಿಬಿಡುತ್ತಾರೆ. ಲಾಂಛನವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಹೆಸರು, ಖಾತೆಯ ಕೊನೆಯ ಅಂಕಿಗಳಂಥ ಮಾಹಿತಿ ಸೋರಿಕೆಯಾಗಿ ವಂಚಕರ ಕೈ ಸೇರಿರುವುದು ಸಾಮಾನ್ಯವಾದ್ದರಿಂದ ಅದೂ ಪುರಾವೆಯಲ್ಲ. ಬ್ರೌಸರಿನಲ್ಲಿ ಕಾಣುವ ಬೀಗದ ಗುರುತು ನಿಮಗೂ ಆ ಜಾಲತಾಣಕ್ಕೂ ನಡುವಿನ ಸಂಪರ್ಕ ಗೂಢಲಿಪಿಯಲ್ಲಿದೆ ಎಂದು ಮಾತ್ರ ಹೇಳುತ್ತದೆ, ಆ ಜಾಲತಾಣ ಯಾರದೆಂದು ಹೇಳುವುದಿಲ್ಲ. ಆ ಗುರುತು ಬರಲು ಬೇಕಾದ ಪ್ರಮಾಣಪತ್ರ ವಂಚಕನಿಗೂ ಉಚಿತವಾಗಿಯೇ ಸಿಗುತ್ತದೆ.

ನೋಡಬೇಕಾದದ್ದು ವಿಳಾಸ, ಅದನ್ನು ಓದುವುದಕ್ಕೂ ಒಂದು ಕ್ರಮವಿದೆ. ಫೋನಿನಲ್ಲಿ ಲಿಂಕನ್ನು ತಟ್ಟದೆ, ಬೆರಳನ್ನು ಅದರ ಮೇಲೆ ಒತ್ತಿ ಹಿಡಿದರೆ ನಿಜವಾದ ವಿಳಾಸ ಕಾಣುತ್ತದೆ. ಅದರ ಆರಂಭದ ಎರಡು ಓರೆಗೆರೆಗಳನ್ನು (//) ಬಿಟ್ಟು, ಮುಂದೆ ಸಿಗುವ ಮೊದಲ ಓರೆಗೆರೆಯ ತನಕದ ಭಾಗವನ್ನು ಬಲದಿಂದ ಎಡಕ್ಕೆ ಓದಿ. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ದೇಶದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ಜಾಲತಾಣಗಳನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಾಯಿಸಬೇಕಿತ್ತು. ಸ್ಟೇಟ್ ಬ್ಯಾಂಕಿನ ವಿಳಾಸ ಈಗ ‘ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್’. ಈ ವಿಳಾಸವನ್ನು ನೋಂದಾಯಿಸುವ ಅಧಿಕಾರ ಐಡಿಆರ್‌ಬಿಟಿ ಎಂಬ ಒಂದೇ ಸಂಸ್ಥೆಗೆ ಇರುವುದರಿಂದ ಹೊರಗಿನವರಿಗೆ ಅದು ಸಿಗುವಂತಿಲ್ಲ. ಆದರೆ ವಿಳಾಸ ಕೊನೆಯಾಗುವುದೇ ಹಾಗೆಯೇ ಎಂದು ನೋಡಬೇಕು. ‘ಬ್ಯಾಂಕ್ ಡಾಟ್ ಇನ್’ ಎಂಬುದು ನಡುವೆ ಎಲ್ಲೋ ಬಂದು, ಅದಕ್ಕೆ ಅಡ್ಡಗೆರೆಯೊಂದಿಗೆ ‘ಕೆವೈಸಿ’ ಅಂಟಿಕೊಂಡು, ಕೊನೆಗೆ ‘ಡಾಟ್ ಕಾಮ್’ ಎಂದಿದ್ದರೆ ಅದು ಬ್ಯಾಂಕಿನದಲ್ಲ. ಕಳಿಸಿದವರ ಹೆಸರಿನ ಜಾಗದಲ್ಲಿ ಯಾರು ಏನನ್ನು ಬೇಕಾದರೂ ಬರೆದುಕೊಳ್ಳಬಹುದು, ಹಾಗಾಗಿ ಅದನ್ನು ತಟ್ಟಿ ಒಳಗಿನ ವಿಳಾಸವನ್ನೂ ನೋಡಿ. ಇಂಗ್ಲಿಷಿನ ಆರ್ ಮತ್ತು ಎನ್ ಅಕ್ಷರಗಳನ್ನು ಜೋಡಿಸಿ ಎಮ್ ಎಂದು ಭ್ರಮೆ ಹುಟ್ಟಿಸುವವರಿದ್ದಾರೆ. ಸಣ್ಣ ತೆರೆಯಲ್ಲಿ ಎಳೆಯ ಕಣ್ಣಿಗೂ ಅದು ತಿಳಿಯುವುದಿಲ್ಲ. ಇನ್ನು ಅಟ್ಯಾಚ್‌ಮೆಂಟ್: ಬ್ಯಾಂಕಿನ ಸ್ಟೇಟ್‌ಮೆಂಟ್ ಪಿಡಿಎಫ್ ತೆರೆಯಲು ಜನ್ಮದಿನಾಂಕದಂಥ ಒಂದು ಗುರುತು ಕೇಳಬಹುದು, ಆದರೆ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡನ್ನು ಯಾವ ಕಡತವೂ ಕೇಳಬಾರದು.

ಇಷ್ಟೆಲ್ಲ ಪರೀಕ್ಷೆ ತಾಯಿಯವರಿಂದ ಸಾಧ್ಯವಿಲ್ಲ ಎನಿಸಿದರೆ ಚಿಂತೆಯಿಲ್ಲ. ಮೇಲ್ ಏನು ಹೇಳುತ್ತಿದೆಯೋ ಅದು ನಿಜವೇ ಎಂದು ನೋಡಲು ಆ ಮೇಲ್ ತೋರಿಸಿದ ದಾರಿಯಲ್ಲಿ ಹೋಗದಿದ್ದರೆ ಸಾಕು. ಅದನ್ನು ಮುಚ್ಚಿ, ತಮ್ಮ ಫೋನಿನಲ್ಲಿರುವ ಬ್ಯಾಂಕಿನ ಆ್ಯಪನ್ನು ತಾವೇ ತೆರೆಯಲಿ, ಅಥವಾ ಶಾಖೆಗೆ ಹೋಗಿ ಕೇಳಲಿ. ಮೇಲ್ ಅಸಲಿಯೇ ಆಗಿದ್ದರೂ ಇದರಿಂದ ಯಾವ ನಷ್ಟವೂ ಇಲ್ಲ. ಕೆಲವು ಬ್ಯಾಂಕುಗಳು ಒಂದೆಡೆ ಲಿಂಕ್ ಒತ್ತಬೇಡಿ ಎಂದು ಎಚ್ಚರಿಸುತ್ತಲೇ ಇನ್ನೊಂದೆಡೆ ಜಾಹೀರಾತಿನ ಮೇಲ್‌ಗಳಲ್ಲಿ ಲಿಂಕ್ ಕಳಿಸುತ್ತವೆ; ಇದು ಗ್ರಾಹಕರಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಒಟಿಪಿ ಬಗ್ಗೆ ಒಂದು ಮಾತು. ನಕಲಿ ಪುಟದಲ್ಲಿ ತುಂಬಿದ ಪಾಸ್‌ವರ್ಡನ್ನು ವಂಚಕರು ಅದೇ ಕ್ಷಣ ನಿಜವಾದ ಜಾಲತಾಣದಲ್ಲಿ ಹಾಕುತ್ತಾರೆ. ಆಗ ಬರುವ ಒಟಿಪಿ ನಿಜವಾಗಿಯೂ ಬ್ಯಾಂಕಿನದೇ, ಅದರಿಂದಾಗಿಯೇ ನಂಬಿಕೆ ಗಟ್ಟಿಯಾಗುತ್ತದೆ. ಪುಟವು ‘ಕೆವೈಸಿ ದೃಢೀಕರಿಸಲು ಒಟಿಪಿ ನಮೂದಿಸಿ’ ಎನ್ನುತ್ತಿದ್ದರೆ, ಸಂದೇಶದಲ್ಲಿ ಮಾತ್ರ ಅದು ಬೆನಿಫಿಶಿಯರಿ ಸೇರಿಸಲು ಅಥವಾ ಇಷ್ಟು ರೂಪಾಯಿ ವರ್ಗಾಯಿಸಲು ಎಂದು ಬರೆದಿರುತ್ತದೆ. ಜನ ಆರು ಅಂಕಿಗಳನ್ನಷ್ಟೇ ನೋಡುತ್ತಾರೆ, ವಾಕ್ಯವನ್ನು ಓದುವುದಿಲ್ಲ. ತಾಯಿಯವರ ಫೋನಿನಲ್ಲಿ ಈ ದಿನದ ಸಂದೇಶಗಳನ್ನು ಒಮ್ಮೆ ಪೂರ್ತಿ ಓದಿಸಿಕೊಳ್ಳಿ. ಅವರು ಏನನ್ನು ತುಂಬಿದರು ಎಂಬುದಕ್ಕೆ ಸುಳಿವು ಅಲ್ಲಿಯೇ ಸಿಗಬಹುದು. ಕೇಳುವಾಗ ಗದರಿಸಬೇಡಿ. ಮಕ್ಕಳು ಬೈದಾರೆಂದು ಹೆದರಿ ವಿಷಯವನ್ನು ಮುಚ್ಚಿಟ್ಟವರ ಹಣವೇ ಹೆಚ್ಚಾಗಿ ಕೈತಪ್ಪಿ ಹೋಗಿರುವುದನ್ನು ನಾನು ಕಂಡಿದ್ದೇನೆ.

ಕೊನೆಗೆ ಕೆವೈಸಿಯ ಮಾತು. ನಿಯತಕಾಲಿಕ ಕೆವೈಸಿ ನವೀಕರಣ ನಿಜವಾಗಿಯೂ ಇದೆ, ವಂಚಕರಿಗೆ ಅದೇ ಅನುಕೂಲ. ಕಡಿಮೆ ಅಪಾಯದ ವರ್ಗದ ಗ್ರಾಹಕರಿಗೆ ಅದು 10 ವರ್ಷಗಳಿಗೊಮ್ಮೆ. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ಮಾಡಿದ ತಿದ್ದುಪಡಿಯ ಪ್ರಕಾರ, ಗಡುವಿಗೆ ಮುನ್ನ ಕನಿಷ್ಠ ಮೂರು ಸೂಚನೆಗಳನ್ನು, ಗಡುವಿನ ಅನಂತರವೂ ಕನಿಷ್ಠ ಮೂರು ಜ್ಞಾಪನಗಳನ್ನು ಬ್ಯಾಂಕು ಕಳಿಸಬೇಕು, ಎರಡೂ ಸಲ ಒಂದಾದರೂ ಪತ್ರದ ರೂಪದಲ್ಲಿರಬೇಕು. ಇಂದು ಸಂಜೆಯೊಳಗೆ ಎಂಬ ಗಡುವು ಈ ಕ್ರಮಕ್ಕೆ ಹೊಂದುವುದೇ ಇಲ್ಲ. ದೂರಿನ ಕೆಲಸ ಮುಗಿದ ಮೇಲೆ ತಾಯಿಯವರು ಆಧಾರ್, ಪ್ಯಾನ್ ಮತ್ತು ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ ತಮ್ಮ ಕೆವೈಸಿ ಯಾವಾಗ ಬಾಕಿಯಾಗುತ್ತದೆ ಎಂದು ಕೇಳಲಿ. ಬಾಕಿ ಇದ್ದರೂ, ವಿವರಗಳಲ್ಲಿ ಬದಲಾವಣೆ ಇಲ್ಲದಿದ್ದರೆ ಹಾಗೆಂದು ಸ್ವಯಂ ಘೋಷಣೆ ಕೊಟ್ಟರೆ ಸಾಕಾಗುತ್ತದೆ.