ಸೈಕಲ್ ಪ್ರಶ್ನೋತ್ತರ: ಏರ್ ಫೋರ್ಕ್ ಪೂರ್ತಿ ಕುಗ್ಗದಿದ್ದಾಗ

ಪ್ರಶ್ನೆ: ನನ್ನ ಮೌಂಟನ್ ಬೈಕಿನ ಏರ್ ಫೋರ್ಕ್‌ಗೆ (ಗಾಳಿ ತುಂಬಿದ ಮುಂದಿನ ಸಸ್ಪೆನ್ಷನ್‌ಗೆ) 100 ಮಿ.ಮೀ. ಟ್ರಾವೆಲ್, ಅಂದರೆ ಕುಗ್ಗುವ ಅಳತೆ, ಇದೆ. ಕಲ್ಲುಬಂಡೆಯ ಇಳಿಜಾರಿನಲ್ಲಿ ಎಷ್ಟೇ ರಭಸವಾಗಿ ಇಳಿದರೂ, ಎಷ್ಟು ಕುಗ್ಗಿತೆಂದು ತೋರಿಸುವ ರಬ್ಬರ್ ಓ-ರಿಂಗ್ 75 ಮಿ.ಮೀ. ದಾಟುವುದಿಲ್ಲ. ಗಾಳಿಯನ್ನು 80ರಿಂದ 60 ಪಿಎಸ್‌ಐಗೆ ಇಳಿಸಿ ನೋಡಿದೆ. ಟ್ರಾವೆಲ್ ಸ್ವಲ್ಪ ಜಾಸ್ತಿಯಾಯಿತು, ಆದರೆ ಬ್ರೇಕ್ ಹಿಡಿದ ಕೂಡಲೇ ಮುಂಭಾಗ ಕುಸಿಯುತ್ತಿದೆ. ಏನು ಮಾಡಲಿ?
— ಓದುಗರು, ಬೆಂಗಳೂರು

ಉತ್ತರ: ಮೊದಲು ಗಾಳಿಯನ್ನು ಮತ್ತೆ 80ಕ್ಕೆ ಏರಿಸಿ. ಟ್ರಾವೆಲ್ ಸಿಗಲಿಲ್ಲವೆಂದು ಗಾಳಿ ಬಿಡುತ್ತಾ ಹೋಗುವುದು ತುಂಬಾ ಜನ ಮಾಡುವ ಕೆಲಸ. ಅದರಿಂದ ಫೋರ್ಕ್ ಮೊದಲರ್ಧದಲ್ಲೇ ಮೆತ್ತಗಾಗುತ್ತದೆ, ಕೊನೆಯ ಭಾಗ ಬಿಗಿಯಾಗಿಯೇ ಉಳಿಯುತ್ತದೆ. ನಿಮಗೆ ಆಗಿರುವುದೂ ಅದೇ.

ಗಾಳಿಯ ಒತ್ತಡವನ್ನು ಟ್ರಾವೆಲ್ ನೋಡಿ ಅಲ್ಲ, ಸ್ಯಾಗ್ ನೋಡಿ ನಿರ್ಧರಿಸಬೇಕು. ನೀವು ಸೈಕಲ್ ಮೇಲೆ ನಿಂತಾಗ ಫೋರ್ಕ್ ನಿಮ್ಮ ಭಾರಕ್ಕೇ ಎಷ್ಟು ಇಳಿಯುತ್ತದೋ ಅದು ಸ್ಯಾಗ್. ಹೆಲ್ಮೆಟ್, ಶೂ, ನೀರು ತುಂಬಿದ ಬ್ಯಾಗ್ ಎಲ್ಲ ಹಾಕಿಕೊಂಡು, ಲಾಕೌಟ್ (ಫೋರ್ಕ್ ಕುಗ್ಗದಂತೆ ತಡೆಯುವ ಗುಂಡಿ) ಪೂರ್ತಿ ತೆರೆದು, ಪೆಡಲ್ ಮೇಲೆ ನಿಂತುಕೊಳ್ಳಿ. ಯಾರಾದರೂ ಸೈಕಲ್ ಹಿಡಿದಿರಲಿ. ಎರಡು ಸಲ ಕುಲುಕಿ, ಓ-ರಿಂಗನ್ನು ಕೆಳಗಿನ ಕಾಲಿನ ಬಾಯಲ್ಲಿರುವ ಡಸ್ಟ್ ಸೀಲ್‌ವರೆಗೆ ಇಳಿಸಿ, ಮತ್ತೆ ಅಲುಗಾಡದ ಹಾಗೆ ಇಳಿದು ಅಳೆಯಿರಿ. 100 ಮಿ.ಮೀ. ಫೋರ್ಕ್‌ಗೆ 15ರಿಂದ 20 ಮಿ.ಮೀ. ಸರಿ. ಇಳಿಜಾರೇ ಹೆಚ್ಚಿದ್ದರೆ 25ರವರೆಗೂ ಹೋಗಬಹುದು.

ಸ್ಯಾಗ್ ಸರಿಯಾದ ಮೇಲೂ ಕೊನೆಯ 25 ಮಿ.ಮೀ. ಸಿಗದಿದ್ದರೆ ತಡೆ ಎಲ್ಲಿದೆ ಎಂದು ಹುಡುಕಬೇಕು. ಅದಕ್ಕೊಂದು ಪರೀಕ್ಷೆ ಇದೆ. ಫೋರ್ಕ್ ಪೂರ್ತಿ ಚಾಚಿದ್ದಾಗ ಓ-ರಿಂಗನ್ನು ಕೆಳಕ್ಕಿಳಿಸಿ, ಗಾಳಿಯನ್ನೆಲ್ಲ ನಿಧಾನವಾಗಿ ಬಿಟ್ಟು, ಹ್ಯಾಂಡಲ್ ಮೇಲೆ ಭಾರ ಹಾಕಿ ತಳ ಮುಟ್ಟುವವರೆಗೆ ಒತ್ತಿ. ಓ-ರಿಂಗ್ 97-100 ಮಿ.ಮೀ. ಮೇಲೇರಿದರೆ ಯಾಂತ್ರಿಕವಾಗಿ ಫೋರ್ಕ್ ಚೆನ್ನಾಗಿದೆ. ಒಳಗೆ ರಬ್ಬರ್ ಬಂಪರ್ ಇರುವುದರಿಂದ ಕೈಯಲ್ಲಿ ಒತ್ತಿದಾಗ ಎರಡು-ಮೂರು ಮಿ.ಮೀ. ಕಡಿಮೆ ಬರುವುದು ಸಹಜ. ಗಾಳಿಯೇ ಇಲ್ಲದಾಗಲೂ 80 ಮಿ.ಮೀ. ಹತ್ತಿರ ಗಟ್ಟಿಯಾಗಿ ನಿಂತರೆ ತೊಂದರೆ ಎಣ್ಣೆಯದ್ದು ಅಥವಾ ಬಿಡಿಭಾಗದ್ದು. ಅದಕ್ಕೆ ಮುಂದಿನ ಉತ್ತರ ನೋಡಿ. ಇದೇ ಸಮಯದಲ್ಲಿ ಟೈರಿಗೂ, ಫೋರ್ಕ್‌ನ ಎರಡು ಕಾಲುಗಳನ್ನು ಮೇಲೆ ಜೋಡಿಸುವ ಕ್ರೌನ್‌ಗೂ ನಡುವೆ ಜಾಗ ಉಳಿದಿದೆಯೇ ನೋಡಿ. ದಪ್ಪ ಟೈರ್ ಹಾಕಿಸಿದ್ದರೆ ಇದು ಕಡ್ಡಾಯ: ಓಡುವಾಗ ಟೈರ್ ಕ್ರೌನ್‌ಗೆ ತಾಗಿದರೆ ಚಕ್ರ ಅಲ್ಲೇ ಹಿಡಿದುಕೊಳ್ಳುತ್ತದೆ.

ಹೊಳೆಯುವ ಕೊಳವೆ, ಅಂದರೆ ಸ್ಟ್ಯಾಂಚನ್, ಎಷ್ಟು ಕಾಣುತ್ತದೋ ಅಷ್ಟೂ ಟ್ರಾವೆಲ್ ಅಲ್ಲ ಎಂಬುದು ನೆನಪಿರಲಿ. 100 ಮಿ.ಮೀ. ಫೋರ್ಕ್‌ನಲ್ಲಿ 115-120 ಮಿ.ಮೀ. ಕಾಣುವುದುಂಟು. ಮೇಲೆ ಉಳಿಯುವ ಬೆರಳಗಲದ ಜಾಗವನ್ನು ‘ಸಿಗದ ಟ್ರಾವೆಲ್’ ಎಂದು ಲೆಕ್ಕ ಹಾಕಬೇಡಿ.

ಪರೀಕ್ಷೆಯಲ್ಲಿ ಪೂರ್ತಿ ಕುಗ್ಗಿದರೆ, ಬಹುಪಾಲು ಕಾರಣ ಗಾಳಿಕೋಣೆಯೊಳಗಿನ ಪ್ಲಾಸ್ಟಿಕ್ ಸ್ಪೇಸರ್. ರಾಕ್‌ಶಾಕ್ಸ್‌ನವರು ಇದನ್ನು ಬಾಟಮ್‌ಲೆಸ್ ಟೋಕನ್ ಎನ್ನುತ್ತಾರೆ, ಫಾಕ್ಸ್‌ನವರು ವಾಲ್ಯೂಮ್ ಸ್ಪೇಸರ್. ಎಷ್ಟೋ ಫೋರ್ಕ್‌ಗಳು ಫ್ಯಾಕ್ಟರಿಯಿಂದಲೇ ಒಂದೆರಡು ಸ್ಪೇಸರ್ ಜೊತೆಗೆ ಬರುತ್ತವೆ, ಕೊಂಡವರಿಗೆ ಅದು ಗೊತ್ತಿರುವುದಿಲ್ಲ. ಸ್ಪೇಸರ್ ಏನು ಮಾಡುತ್ತದೆಂದು ಲೆಕ್ಕ ಹಾಕಿ ನೋಡೋಣ. ಗಾಳಿಕೋಣೆಯ ಉದ್ದ 150 ಮಿ.ಮೀ. ಎಂದಿಟ್ಟುಕೊಳ್ಳಿ. 20 ಮಿ.ಮೀ. ಸ್ಯಾಗ್‌ನಲ್ಲಿ ಅದು 130ಕ್ಕೆ ಕುಗ್ಗುತ್ತದೆ, ಒತ್ತಡ 1.15 ಪಟ್ಟು. ಪೂರ್ತಿ 100 ಇಳಿದಾಗ ಉಳಿಯುವುದು 50, ಒತ್ತಡ 3 ಪಟ್ಟು. ಈಗ 20 ಮಿ.ಮೀ. ಜಾಗ ತಿನ್ನುವ ಸ್ಪೇಸರ್ ಹಾಕಿ. ಕೋಣೆ 130ರಿಂದ ಶುರು; ಸ್ಯಾಗ್‌ನಲ್ಲಿ 110, ಅಂದರೆ 1.18 ಪಟ್ಟು. ತಳದಲ್ಲಿ ಬರೀ 30, ಅಂದರೆ 4.3 ಪಟ್ಟು! ಶುರುವಿನಲ್ಲಿ ವ್ಯತ್ಯಾಸವೇ ಗೊತ್ತಾಗದು, ಕೊನೆಯಲ್ಲಿ ಗೋಡೆ ಎದ್ದು ನಿಂತಂತಾಗುತ್ತದೆ. ಆದ್ದರಿಂದ ಸ್ಯಾಗ್ ಕೆಡದಂತೆ ಕೊನೆಯ ಟ್ರಾವೆಲ್ ಪಡೆಯಲು ಒಂದು ಸ್ಪೇಸರ್ ತೆಗೆಯುವುದೇ ದಾರಿ.

ತೆಗೆಯುವ ಮೊದಲು ಗಾಳಿ ಪೂರ್ತಿ ಬಿಡಿ, ವಾಲ್ವ್ ಪಿನ್ ಒತ್ತಿ ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಿ. ಒತ್ತಡ ಉಳಿದಿರುವಾಗ ಕ್ಯಾಪ್ ತಿರುಗಿಸಿದರೆ ಅದು ಮುಖಕ್ಕೇ ಹಾರಬಹುದು. ಗಾಳಿಕೋಣೆ ಇರುವ ಕಾಲಿನ ಟಾಪ್ ಕ್ಯಾಪ್‌ಗೆ ಅಂಚು ಸಮತಟ್ಟಾಗಿರುವ, ಮಾದರಿಗೆ ಸರಿಹೊಂದುವ ಸಾಕೆಟ್ಟೇ ಬೇಕು. ಸಾಮಾನ್ಯ ಸ್ಪ್ಯಾನರ್ ಜಾರಿ ಅಲ್ಯೂಮಿನಿಯಂ ಅಂಚನ್ನು ತಿಂದುಹಾಕುತ್ತದೆ. ಒಂದೇ ಸ್ಪೇಸರ್ ತೆಗೆದು, ಕ್ಯಾಪ್‌ನ ಓ-ರಿಂಗ್‌ಗೆ ತೆಳುವಾಗಿ ಸಸ್ಪೆನ್ಷನ್ ಗ್ರೀಸ್ ಸವರಿ, ಮ್ಯಾನುಯಲ್‌ನಲ್ಲಿರುವ ಟಾರ್ಕ್‌ಗೆ (ತಿರುಚುವ ಬಲಕ್ಕೆ) ಬಿಗಿ ಮಾಡಿ ಓಡಿಸಿ ನೋಡಿ. ನೀವು ಓಡಿಸುವ ದಾರಿಯ ಅತಿ ದೊಡ್ಡ ಪೆಟ್ಟಿಗೆ ಮಾತ್ರ ಓ-ರಿಂಗ್ ಕೊನೆ ಮುಟ್ಟಬೇಕು. ಪ್ರತಿ ಗುಂಡಿಗೂ ಮುಟ್ಟುತ್ತಿದ್ದರೆ ಸ್ಪೇಸರ್ ವಾಪಸ್ ಹಾಕಿ.

ಪ್ರಶ್ನೆ: ಮಂಗಳೂರಿನಲ್ಲಿ ಫೋರ್ಕ್ ಸರ್ವಿಸ್ ಮಾಡಿಸಿ ತಂದೆ. ಮೊದಲು ಸಿಗುತ್ತಿದ್ದ ಟ್ರಾವೆಲ್ ಈಗ 15-20 ಮಿ.ಮೀ. ಕಡಿಮೆಯಾಗಿದೆ. ಗಾಳಿ ಮೊದಲಿನಷ್ಟೇ ಇದೆ.
— ಓದುಗರು, ಚಿಕ್ಕಮಗಳೂರು

ಉತ್ತರ: ಎಣ್ಣೆ ಜಾಸ್ತಿಯಾಗಿರುವ ಸಾಧ್ಯತೆಯೇ ಹೆಚ್ಚು. ಎಣ್ಣೆ ಗಾಳಿಯಂತೆ ಕುಗ್ಗುವುದಿಲ್ಲ. ಡ್ಯಾಂಪರ್ (ಎಣ್ಣೆಯಿಂದ ಕುಲುಕು ತಡೆಯುವ ಭಾಗ) ಇರುವ ಕಾಲಿನಲ್ಲೋ ಲೋವರ್‌ಗಳಲ್ಲೋ (ಕೆಳಗಿನ ಹೊರ ಕಾಲುಗಳಲ್ಲೋ) ಹೆಚ್ಚು ಸುರಿದಿದ್ದರೆ ಫೋರ್ಕ್ ಒಂದೇ ಜಾಗಕ್ಕೆ ಬಂದು ಕಲ್ಲಿನಂತೆ ನಿಲ್ಲುತ್ತದೆ. ಲೋವರ್‌ಗೆ 5-10 ಮಿ.ಲೀ. ಸಾಕಾಗುವ ಫೋರ್ಕ್‌ಗಳೂ ಇವೆ, 30ಕ್ಕಿಂತ ಹೆಚ್ಚು ಬೇಡುವವೂ ಇವೆ, ಎರಡು ಕಾಲಿಗೂ ಬೇರೆ ಬೇರೆ ಅಳತೆ ಇರುವುದೂ ಉಂಟು. ಸಿರಿಂಜಿನಲ್ಲಿ ಅಳೆದು ಹಾಕಿದರೇ ಎಂದು ಮೆಕ್ಯಾನಿಕ್‌ರನ್ನು ಕೇಳಿ. ಗಾಳಿಕೋಣೆಯೊಳಗೆ ಗ್ರೀಸ್ ಮೆತ್ತಿದ್ದರೂ ಸ್ಪೇಸರ್ ಹಾಕಿದಂತೆಯೇ ಆಗುತ್ತದೆ.

ಇನ್ನೊಂದು ಕಾರಣ ಲೋವರ್‌ಗಳಲ್ಲಿ ಸಿಕ್ಕಿಕೊಂಡ ಗಾಳಿ. ಸಮುದ್ರ ಮಟ್ಟದಲ್ಲಿ ಮುಚ್ಚಿದ ಫೋರ್ಕನ್ನು ಮುಳ್ಳಯ್ಯನಗಿರಿಯ 1,930 ಮೀಟರ್‌ಗೆ ಒಯ್ದರೆ ಹೊರಗಿನ ಒತ್ತಡ ಸುಮಾರು 3 ಪಿಎಸ್‌ಐ ಇಳಿದಿರುತ್ತದೆ. ಒಳಗಿನ ಗಾಳಿ ಅಷ್ಟು ಬಲದಿಂದ ಫೋರ್ಕನ್ನು ಹೊರಕ್ಕೆ ನೂಕುತ್ತಿರುತ್ತದೆ. 20 ಮಿ.ಮೀ. ಟ್ರಾವೆಲ್ ಹೋಗಲು ಇದೊಂದೇ ಕಾರಣವಾಗಲಾರದು, ಆದರೆ ತೆಗೆಯುವುದು ಸುಲಭ. ಕೆಲವು ಫಾಕ್ಸ್ ಫೋರ್ಕ್‌ಗಳಲ್ಲಿ ಇದಕ್ಕೆಂದೇ ಹಿಂಬದಿ ಬಟನ್ ಇದೆ. ಇಲ್ಲದಿದ್ದರೆ ತೆಳ್ಳನೆಯ, ಅಂಚು ನುಣುಪಾದ ಪ್ಲಾಸ್ಟಿಕ್ ಕೇಬಲ್ ಟೈಗೆ ಸಸ್ಪೆನ್ಷನ್ ಎಣ್ಣೆ ಸವರಿ ಡಸ್ಟ್ ಸೀಲ್ ಪಕ್ಕದಲ್ಲಿ ಮೆಲ್ಲಗೆ ಇಳಿಸಿ. ಗಾಳಿ ಉಸ್ಸೆಂದು ಹೊರಬರುತ್ತದೆ. ಸ್ಕ್ರೂ ಡ್ರೈವರ್, ಪಿನ್ನು ಬೇಡವೇ ಬೇಡ. ಸ್ಟ್ಯಾಂಚನ್ ಮೇಲೆ ಒಂದು ಗೀರು ಬಿದ್ದರೆ ಸೀಲ್ ಹಾಳಾಗುತ್ತಲೇ ಇರುತ್ತದೆ.

ಪ್ರಶ್ನೆ: ಫೋರ್ಕ್ ತಾನಾಗಿಯೇ 30 ಮಿ.ಮೀ. ಕುಗ್ಗಿ ನಿಂತಿದೆ. ಗಾಳಿ ಹಾಕಿದರೂ ಪೂರ್ತಿ ಮೇಲೇಳುತ್ತಿಲ್ಲ.
— ಓದುಗರು, ಶಿರಸಿ

ಉತ್ತರ: ಏರ್ ಫೋರ್ಕ್‌ನಲ್ಲಿ ಪಿಸ್ಟನ್ ಮೇಲೊಂದು, ಕೆಳಗೊಂದು ಗಾಳಿಕೋಣೆ ಇರುತ್ತವೆ. ಕೆಳಗಿನ ನೆಗೆಟಿವ್ ಕೋಣೆಯಲ್ಲಿ ಗಾಳಿ ಹೆಚ್ಚಾಗಿ ಸೇರಿಕೊಂಡರೆ ಅದು ಫೋರ್ಕನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಶಾಕ್ ಪಂಪ್ (ಸಸ್ಪೆನ್ಷನ್‌ಗೆಂದೇ ಇರುವ ಕೈಪಂಪ್) ಹಾಕಿ, ಫೋರ್ಕ್ ಮೇಲೆ ಬರೆದಿರುವ ಗರಿಷ್ಠ ಒತ್ತಡ ಮೀರದಂತೆ ಗಾಳಿ ಏರಿಸಿ, ಮುಂದಿನ ಚಕ್ರ ಕಾಲಲ್ಲಿ ಒತ್ತಿಹಿಡಿದು ಹ್ಯಾಂಡಲ್ ಮೇಲಕ್ಕೆಳೆಯಿರಿ. ಪೂರ್ತಿ ಚಾಚಿದ ಮೇಲೆ, ಪಂಪ್ ಹಾಗೇ ಇರುವಾಗಲೇ, ಮೊದಲ ಕಾಲುಭಾಗದಷ್ಟು ನಿಧಾನವಾಗಿ ಹತ್ತು ಸಲ ಒತ್ತಿಬಿಡಿ. ಎರಡೂ ಕೋಣೆಗಳ ಒತ್ತಡ ಸಮವಾಗುವುದು ಆಗಲೇ. ಆಮೇಲೆ ನಿಮ್ಮ ಒತ್ತಡಕ್ಕೆ ತಂದು ಇದನ್ನೇ ಪುನಃ ಮಾಡಿ. ಕೆಲವೇ ದಿನಗಳಲ್ಲಿ ಮತ್ತೆ ಕುಗ್ಗಿದರೆ ಪಿಸ್ಟನ್ ಸೀಲ್ ಸವೆದಿದೆ, ಬದಲಾಯಿಸಲೇಬೇಕು. ಕುಗ್ಗಿ ನಿಂತ ಫೋರ್ಕನ್ನು ಮನೆಯಲ್ಲಿ ಬಿಚ್ಚಬೇಡಿ. ವಾಲ್ವ್‌ನಲ್ಲಿ ಸೊನ್ನೆ ತೋರಿಸಿದರೂ ಒಳಗೆ ಒತ್ತಡ ಸಿಕ್ಕಿಕೊಂಡಿರುತ್ತದೆ.

ಪ್ರಶ್ನೆ: ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕಿಸಬಹುದೇ?
— ಓದುಗರು, ಹಾಸನ

ಉತ್ತರ: ಬೇಡ. ಗಾಳಿಕೋಣೆ ಚಿಕ್ಕದು, ಬಂಕಿನ ಕಂಪ್ರೆಸರ್ ಕ್ಷಣದಲ್ಲೇ ಒತ್ತಡ ಮೀರಿಸಿಬಿಡುತ್ತದೆ. ಶಾಕ್ ಪಂಪ್ ಒಂದೇ ಸರಿ. ಅದನ್ನು ಜೋಡಿಸಿದಾಗ ಕೊಳವೆ ತುಂಬಲು ಸ್ವಲ್ಪ ಗಾಳಿ ಫೋರ್ಕ್‌ನಿಂದ ಹೋಗುವುದರಿಂದ ಮೀಟರ್ ಕಡಿಮೆ ತೋರಿಸುತ್ತದೆ, ಅದು ಸೋರಿಕೆಯಲ್ಲ. ತೆಗೆಯುವಾಗಿನ ಉಸ್ ಸದ್ದೂ ಕೊಳವೆಯ ಗಾಳಿಯದ್ದೇ. ಬಿಸಿಲಿನ ಬಗ್ಗೆಯೂ ಎಚ್ಚರವಿರಲಿ: ಬೆಳಗಿನ 20 ಡಿಗ್ರಿಯಲ್ಲಿ 80 ಪಿಎಸ್‌ಐ ಹಾಕಿದ ಫೋರ್ಕ್ 35 ಡಿಗ್ರಿಗೆ ಕಾದಾಗ ಸುಮಾರು 85 ಆಗಿರುತ್ತದೆ. ಓಡಿಸುವ ಹೊತ್ತಿನಲ್ಲೇ ಅಳೆಯಿರಿ.