ಹಳೆಯ ವಾಲ್ವ್ ರೇಡಿಯೊ: ಕೊಳ್ಳುವಾಗ ಏನು ನೋಡಬೇಕು, ರಿಪೇರಿ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಮರದ ಪೆಟ್ಟಿಗೆಯ ಹಳೆಯ ವಾಲ್ವ್ ರೇಡಿಯೊ ಒಂದು ಮಾರಾಟಕ್ಕಿದೆ. ‘ವಾಲ್ವ್ ಎಲ್ಲಾ ಹೊತ್ತಿಕೊಳ್ಳುತ್ತವೆ, ಹಾಡುವುದಿಲ್ಲ ಅಷ್ಟೆ’ ಅನ್ನುತ್ತಾರೆ ಮಾರುವವರು. ಕೊಳ್ಳಬಹುದಾ?

ಉತ್ತರ: ಕೊಳ್ಳಬಹುದು. ಆದರೆ ವಾಲ್ವ್ ಹೊತ್ತಿಕೊಳ್ಳುತ್ತದೆ ಅನ್ನುವುದನ್ನು ದೊಡ್ಡ ಭರವಸೆ ಅಂದುಕೊಳ್ಳಬೇಡಿ. ಗಾಜಿನ ಬುರುಡೆಯಂಥ ವಾಲ್ವ್ ಒಳಗಿನ ಫಿಲಮೆಂಟ್ ತುಂಡಾಗಿಲ್ಲ ಎಂದಷ್ಟೇ ಅದರ ಅರ್ಥ. ಹಾಗೇ ವಾಲ್ವ್ ಹೋಗಿದೆ ಎಂದು ತಿಳಿದರೂ ಗಾಬರಿ ಬೇಡ. ಇಎಲ್ 84, ಇಸಿಎಚ್ 81ರಂಥ ವಾಲ್ವ್‌ಗಳನ್ನು ಲಕ್ಷಗಟ್ಟಲೆ ಮಾಡಿದ್ದರು. ಇವತ್ತಿಗೂ ಹುಡುಕಿದರೆ ಸಿಗುತ್ತವೆ.

ನೀವು ನೋಡಬೇಕಾದ್ದು ಹೋದರೆ ಮತ್ತೆ ಸಿಗದ ಭಾಗಗಳನ್ನು. ಸ್ಟೇಷನ್ ಹೆಸರು ಬರೆದಿರುವ ಡಯಲ್ ಗಾಜು, ಅದೇ ಸೆಟ್‌ನ ನಾಬ್‌ಗಳು, ಹಿಂದಿನ ಮುಚ್ಚಳ, ಸ್ಪೀಕರ್ ಮುಂದಿನ ಬಟ್ಟೆ. ಗಾಜು ಒಡೆದಿದ್ದರೆ ಇನ್ನೊಂದು ಅದೇ ಮಾಡೆಲ್ ಸಿಗುವವರೆಗೂ ಕಾಯಬೇಕು. ಸ್ಟೇಷನ್ ಸರಿಯಾಗಿ ಹಿಡಿದಿದೆಯಾ ಎಂದು ತೋರಿಸುವ ಹಸಿರು ಬೆಳಕಿನ ಮ್ಯಾಜಿಕ್ ಐ ಇದ್ದರೆ ಅದು ಎಷ್ಟು ಮಂಕಾಗಿದೆ ಎಂದು ಕೇಳಿ. ಅದರ ಹೊಳಪು ಬಳಸುತ್ತಾ ಹೋದಂತೆ ಕಡಿಮೆಯಾಗುತ್ತದೆ. ಕೆಲವು ನಮೂನೆಯ ಮ್ಯಾಜಿಕ್ ಐ ಬೆಲೆ ಉಳಿದ ವಾಲ್ವ್‌ಗಳಿಗಿಂತ ತುಂಬಾ ಜಾಸ್ತಿ.

ಹಿಂದಿನ ಮುಚ್ಚಳ ತೆಗೆಸಿ ನೋಡಿ. ಟ್ರಾನ್ಸ್‌ಫಾರ್ಮರ್ ಹತ್ತಿರ ಮೂಗಿಟ್ಟರೆ ಸುಟ್ಟ ವಾರ್ನಿಷ್ ವಾಸನೆ ಬರುತ್ತದಾ? ಸುತ್ತಿದ ಕಾಗದ ಕಪ್ಪಾಗಿದೆಯಾ? ಹಾಗಿದ್ದರೆ ಬೆಲೆ ಇಳಿಸಿ ಕೇಳಿ, ಇಲ್ಲವೇ ಬಿಟ್ಟುಬಿಡಿ. ವಾಲ್ವ್‌ಗಳ ಗಾಜಿನ ಒಳಗೆ ಕನ್ನಡಿಯಂತೆ ಹೊಳೆಯುವ ಕಲೆ ಇರುತ್ತದೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಸೇರಿದೆ, ಆ ವಾಲ್ವ್ ಮುಗಿಯಿತು. ಧೂಳು ಎಷ್ಟಿದ್ದರೂ ಚಿಂತೆಯಿಲ್ಲ. ಯಾರೂ ಕೈ ಹಾಕದ, ದಪ್ಪ ಧೂಳು ಕೂತ ಸೆಟ್ ಕಂಡರೆ ನನಗೆ ಖುಷಿ. ಅರ್ಧ ರಿಪೇರಿ ಮಾಡಿ ಬಿಟ್ಟ ಸೆಟ್ ಜಾಸ್ತಿ ಕಷ್ಟ ಕೊಡುತ್ತದೆ.

ಒಂದು ಮಾತು ಮರೆಯಬೇಡಿ. ‘ಹಾಕಿ ತೋರಿಸ್ತೀನಿ’ ಎಂದು ಅವರು ಪ್ಲಗ್ ಎತ್ತಿಕೊಂಡರೆ ಬೇಡ ಅನ್ನಿ. ಕಾರಣ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಮನೆಯ ಹಿರಿಯರ ರೇಡಿಯೊ ಸಿಕ್ಕಿದೆ. ನಲವತ್ತು ವರ್ಷದಿಂದ ಮೂಲೆಯಲ್ಲಿತ್ತು. ಒಂದು ಸಲ ಪ್ಲಗ್ ಹಾಕಿ ನೋಡಲಾ? ಕಂಡೆನ್ಸರ್‌ಗಳನ್ನು (ಕೆಪಾಸಿಟರ್) ಮಲ್ಟಿಮೀಟರ್‌ನಲ್ಲಿ ನೋಡಿದೆ, ಶಾರ್ಟ್ ಏನೂ ಇಲ್ಲ.

ಉತ್ತರ: ದಯವಿಟ್ಟು ಹಾಕಬೇಡಿ. ನನ್ನ ಮೊದಲ ಸೆಟ್‌ಗೆ ನಾನು ಹಾಗೇ ಪ್ಲಗ್ ಹಾಕಿದ್ದೆ. ಹಾಡಿತು ಕೂಡ. ಇಪ್ಪತ್ತು ನಿಮಿಷ ಕೇಳಿ ಸಂತೋಷಪಟ್ಟೆ. ಆಮೇಲೆ ದನಿ ಒಡೆಯಿತು, ಹೊಗೆ ಬಂತು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ತಪ್ಪು ಒಂದೇ ಒಂದು ಚಿಕ್ಕ ಕಂಡೆನ್ಸರ್‌ನದು. ಮೀಟರ್‌ನಲ್ಲಿ ಅದೂ ಸರಿಯಾಗಿಯೇ ಕಾಣುತ್ತಿತ್ತು.

ಹೇಗೆ ಅಂತ ಹೇಳುತ್ತೇನೆ. ಆಡಿಯೊ ವಾಲ್ವ್‌ನ ಪ್ಲೇಟ್‌ನಿಂದ (ಸಿಗ್ನಲ್ ಹೊರಬರುವ ತುದಿ) ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ (ಸಿಗ್ನಲ್ ಒಳಹೋಗುವ ತುದಿ) ಒಂದು ಕಪ್ಲಿಂಗ್ ಕಂಡೆನ್ಸರ್ ಇರುತ್ತದೆ. ಸಾಮಾನ್ಯವಾಗಿ 0.01 ಮೈಕ್ರೊಫ್ಯಾರಡ್. ಒಂದು ಕಡೆ ಸುಮಾರು 80-100 ವೋಲ್ಟ್ ಡಿಸಿ, ಇನ್ನೊಂದು ಕಡೆ ಸೊನ್ನೆ. ಶಬ್ದವನ್ನು ದಾಟಿಸಬೇಕು, ಡಿಸಿಯನ್ನು ತಡೆಯಬೇಕು. ಇಷ್ಟೇ ಅದರ ಕೆಲಸ. ಹಳೆಯ ಕಂಡೆನ್ಸರ್ ಒಳಗೆ ಇರುವುದು ಮೇಣ ಅಥವಾ ಎಣ್ಣೆ ಹೀರಿದ ಕಾಗದ. ವರ್ಷಗಳು ಕಳೆದಂತೆ ಅದು ತೇವ ಎಳೆದುಕೊಂಡು ಸ್ವಲ್ಪ ಸ್ವಲ್ಪವೇ ಡಿಸಿ ಬಿಡಲು ಶುರು ಮಾಡುತ್ತದೆ.

ಎಷ್ಟು ಬಿಟ್ಟರೆ ಅಪಾಯ? ಗ್ರಿಡ್‌ನಿಂದ ಚಾಸಿಗೆ (ಭಾಗಗಳನ್ನು ಕೂರಿಸಿದ ಲೋಹದ ತಟ್ಟೆ) 1 ಮೆಗಓಮ್ ರೆಸಿಸ್ಟರ್ ಇದೆ ಅಂದುಕೊಳ್ಳಿ. 1 ಮೈಕ್ರೊಆಂಪ್ ಸೋರಿದರೆ ಗ್ರಿಡ್ 1 ವೋಲ್ಟ್ ಮೇಲೇರುತ್ತದೆ. 5 ಮೈಕ್ರೊಆಂಪ್ ಸೋರಿದರೆ 5 ವೋಲ್ಟ್. ಇಎಲ್ 84ಗೆ ಬೇಕಾದ ಬಯಾಸ್, ಅಂದರೆ ಕರೆಂಟನ್ನು ಹಿಡಿತದಲ್ಲಿಡುವ ಗ್ರಿಡ್‌ನ ಮೈನಸ್ ವೋಲ್ಟೇಜ್, ಇರುವುದೇ ಸುಮಾರು 7 ವೋಲ್ಟ್. ಅದಕ್ಕೇ ಇಷ್ಟು ದೊಡ್ಡ ಪೆಟ್ಟು ಬಿದ್ದರೆ ವಾಲ್ವ್ ಮಿತಿ ಮೀರಿ ಕರೆಂಟ್ ಎಳೆಯುತ್ತದೆ, ಅದರ ಜೊತೆ ಟ್ರಾನ್ಸ್‌ಫಾರ್ಮರ್ ಬಿಸಿಯೇರುತ್ತದೆ. 90 ವೋಲ್ಟ್‌ನಲ್ಲಿ 5 ಮೈಕ್ರೊಆಂಪ್ ಸೋರುವ ಕಂಡೆನ್ಸರ್ ಅಂದರೆ 18 ಮೆಗಓಮ್. ಕೆಲವೇ ವೋಲ್ಟ್ ಕೊಟ್ಟು ಅಳೆಯುವ ಮಲ್ಟಿಮೀಟರ್‌ಗೆ ಇದು ಸಾಮಾನ್ಯವಾಗಿ ಕಾಣುವುದಿಲ್ಲ. ವೋಲ್ಟೇಜ್ ಏರಿದಾಗ, ಸೆಟ್ ಬಿಸಿಯಾದಾಗ ಸೋರಿಕೆ ಇನ್ನೂ ಹೆಚ್ಚುತ್ತದೆ. ನನ್ನ ಸೆಟ್ ಇಪ್ಪತ್ತು ನಿಮಿಷ ಚೆನ್ನಾಗಿ ಹಾಡಿ ಆಮೇಲೆ ಕೆಟ್ಟಿದ್ದು ಇದಕ್ಕೇ.

ಆದ್ದರಿಂದ ನನ್ನ ಸಲಹೆ ಇಷ್ಟೆ. ಕಾಗದದ ಕಂಡೆನ್ಸರ್‌ಗಳನ್ನು ಪರೀಕ್ಷೆ ಮಾಡುತ್ತಾ ಕೂರಬೇಡಿ, ಎಲ್ಲವನ್ನೂ ಬದಲಿಸಿ. 630 ವೋಲ್ಟ್‌ನ ಫಿಲ್ಮ್ ಕಂಡೆನ್ಸರ್ ಹಾಕಿ. ಹಳೆಯದು 0.05 ಇದ್ದರೆ 0.047 ಸರಿಹೋಗುತ್ತದೆ. ಮೈಕಾ ಮತ್ತು ಸೆರಾಮಿಕ್ ಸಾಮಾನ್ಯವಾಗಿ ಚೆನ್ನಾಗಿರುತ್ತವೆ, ಸುಮ್ನೆ ಮುಟ್ಟಬೇಡಿ. ಕರೆಂಟಿನ ಎರಡು ತಂತಿಗಳ ನಡುವೆ ಒಂದು ಕಂಡೆನ್ಸರ್ ಇದ್ದರೆ ಅಲ್ಲಿ ಎಕ್ಸ್ ದರ್ಜೆಯ ಸೇಫ್ಟಿ ಕಂಡೆನ್ಸರ್ರೇ ಬೇಕು. ತಂತಿಯಿಂದ ಚಾಸಿಗೆ ಹೋಗುವ ಕಡೆ ವೈ ದರ್ಜೆಯದು.

ಫಿಲ್ಟರ್‌ನ ದೊಡ್ಡ ಎಲೆಕ್ಟ್ರೊಲಿಟಿಕ್ ಕಂಡೆನ್ಸರ್‌ಗಳನ್ನೂ ಬದಲಿಸಿ. ಒಣಗಿದರೆ ಗುಂಯ್ ಎನ್ನುವ ಹಮ್ಮಿಂಗ್, ಶಾರ್ಟ್ ಆದರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್‌ಗೂ ಟ್ರಾನ್ಸ್‌ಫಾರ್ಮರ್‌ಗೂ ಅಪಾಯ. ಇಲ್ಲಿ ತುಂಬಾ ಜನ ಮಾಡುವ ತಪ್ಪು, ದೊಡ್ಡದಿದ್ದರೆ ಒಳ್ಳೆಯದು ಎಂದು 16 ಮೈಕ್ರೊಫ್ಯಾರಡ್ ಜಾಗದಲ್ಲಿ 100 ಕೂರಿಸುವುದು. ರೆಕ್ಟಿಫೈಯರ್ ವಾಲ್ವ್ ಆ ಭಾರ ತಡೆಯುವುದಿಲ್ಲ. 16ಕ್ಕೆ 22 ಸಾಕು. ಪ್ಲಸ್, ಮೈನಸ್ ಎರಡು ಸಲ ನೋಡಿ ಬೆಸುಗೆ ಹಾಕಿ. ಒಂದು ತೆಗೆದು, ಒಂದು ಹಾಕಿ, ಆಮೇಲೆ ಮುಂದಿನದು. ಶುರು ಮಾಡುವ ಮೊದಲು ಚಾಸಿಯ ಕೆಳಭಾಗವನ್ನು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಯಾವ ವಾಲ್ವ್ ಯಾವ ಸಾಕೆಟ್‌ನಲ್ಲಿತ್ತು ಎಂದು ಬರೆದಿಡಿ.

ರೆಸಿಸ್ಟರ್‌ಗಳ ಒಂದು ಕಾಲು ಬಿಡಿಸಿ ಅಳೆಯಿರಿ. ಹಳೆಯ ಕಾರ್ಬನ್ ರೆಸಿಸ್ಟರ್‌ಗಳ ಓಮ್ ಮೌಲ್ಯ ಸಾಮಾನ್ಯವಾಗಿ ಮೇಲಕ್ಕೇ ಏರಿರುತ್ತದೆ. ಶೇ 20ಕ್ಕಿಂತ ಹೆಚ್ಚಿದ್ದರೆ ಬದಲಿಸಿ. ರಬ್ಬರ್ ಹೊದಿಕೆಯ ತಂತಿ ಮುಟ್ಟಿದರೆ ಉದುರುತ್ತಿದ್ದರೆ ಅದನ್ನೂ ತೆಗೆಯಿರಿ.

ಇಷ್ಟೆಲ್ಲಾ ಆದ ಮೇಲೆ ಮೊದಲ ಸಲ ಕರೆಂಟ್ ಕೊಡುವಾಗ ಸೀರೀಸ್ ಬಲ್ಬ್ ಮೂಲಕ, ಅಂದರೆ ಸೆಟ್‌ಗೆ ಹೋಗುವ ಒಂದು ತಂತಿಯ ನಡುವೆ ಬಲ್ಬ್ ಸೇರಿಸಿ ಕೊಡಿ. ಹಳೆಯ ನಮೂನೆಯ ಫಿಲಮೆಂಟ್ ಬಲ್ಬ್ ಆಗಬೇಕು, ಎಲ್‌ಇಡಿ ನಡೆಯದು. ಮೊದಲು 60 ವ್ಯಾಟ್, ಎಲ್ಲ ಸರಿ ಅನಿಸಿದರೆ 100 ವ್ಯಾಟ್. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಒಳ್ಳೆಯದು. ಪೂರ್ತಿ ಬೆಳಕಿನಲ್ಲೇ ನಿಂತರೆ ಒಳಗೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ. ಆದರೆ ಈ ಬಲ್ಬ್ ಕಾಪಾಡುವುದು ರೇಡಿಯೊವನ್ನು, ನಿಮ್ಮನ್ನಲ್ಲ. ಶಾಕ್ ಹೊಡೆಯುವುದು ಹೊಡೆದೇ ಹೊಡೆಯುತ್ತದೆ. ಆಫ್ ಮಾಡಿದ ಮೇಲೂ ಫಿಲ್ಟರ್ ಕಂಡೆನ್ಸರ್‌ನಲ್ಲಿ 250-300 ವೋಲ್ಟ್ ಉಳಿದಿರಬಹುದು. ಕೆಲವು ಕಿಲೊಓಮ್‌ನ ರೆಸಿಸ್ಟರ್‌ನಿಂದ ಅದನ್ನು ಖಾಲಿ ಮಾಡಿ, ಮೀಟರ್‌ನಲ್ಲಿ ಖಾತ್ರಿ ಮಾಡಿಕೊಂಡೇ ಕೈ ಹಾಕಿ. ಸ್ಕ್ರೂಡ್ರೈವರ್‌ನಿಂದ ಕಿಡಿ ಹಾರಿಸುವ ಅಭ್ಯಾಸ ಬೇಡ.

ಪ್ರಶ್ನೆ: ನನ್ನ ಬೇಕಲೈಟ್ ರೇಡಿಯೊದ ನಾಬ್ ಸ್ಕ್ರೂ ಮುಟ್ಟಿದರೆ ಜುಮ್ ಎನ್ನುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಇಲ್ಲ. ಚಾಸಿಗೆ ಅರ್ತ್ ಕೊಟ್ಟರೆ ಸರಿಹೋಗುತ್ತದಾ?

ಉತ್ತರ: ಅರ್ತ್ ಕೊಡಲೇಬೇಡಿ! ನಿಮ್ಮದು ಎಸಿ-ಡಿಸಿ ಸೆಟ್ ಇರುವ ಹಾಗಿದೆ. ಅದರಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಕರೆಂಟಿನ ಒಂದು ತಂತಿ ನೇರ ಚಾಸಿಗೇ ಸೇರಿರುತ್ತದೆ. ಪ್ಲಗ್ ಒಂದು ಕಡೆ ಹಾಕಿದರೆ ಚಾಸಿಗೆ ನ್ಯೂಟ್ರಲ್, ತಿರುಗಿಸಿದರೆ ಫೇಸ್. ಫೇಸ್ ಇದ್ದಾಗ ಅರ್ತ್ ಸೇರಿಸಿದರೆ ನೇರ ಶಾರ್ಟ್.

ಇಂಥ ಸೆಟ್ ಗುರುತಿಸಲು ವಾಲ್ವ್ ನಂಬರ್ ಓದಿ. ಯುರೋಪಿನ ವಾಲ್ವ್‌ಗಳಲ್ಲಿ ಮೊದಲ ಅಕ್ಷರ ಇ ಇದ್ದರೆ ಹೀಟರ್ (ವಾಲ್ವ್ ಬಿಸಿ ಮಾಡುವ ಫಿಲಮೆಂಟ್) 6.3 ವೋಲ್ಟ್. ಯು ಇದ್ದರೆ 100 ಮಿಲಿಆಂಪ್‌ನ ಸೀರೀಸ್ ಹೀಟರ್, ಯುಸಿಎಚ್, ಯುಎಲ್, ಯುವೈ ಎಂದು ಬರುವವು, ಎಸಿ-ಡಿಸಿ ಸೆಟ್‌ನವು. ಡಿ ಅಂದರೆ 1.4 ವೋಲ್ಟ್‌ನ ಬ್ಯಾಟರಿ ವಾಲ್ವ್. ಅಮೆರಿಕದ ನಂಬರ್‌ನಲ್ಲಿ ಮೊದಲ ಅಂಕಿಯೇ ಹೀಟರ್ ವೋಲ್ಟೇಜ್. 12ಬಿಇ6, 12ಬಿಎ6, 12ಎವಿ6, 35ಡಬ್ಲ್ಯು4, 50ಸಿ5 ಎಂಬ ಐದು ವಾಲ್ವ್‌ಗಳ ಜೋಡಿ ತುಂಬಾ ಸೆಟ್‌ಗಳಲ್ಲಿದೆ. ಕೂಡಿ ನೋಡಿ, 121 ಬರುತ್ತದೆ. ಆಗಿನ ಅಲ್ಲಿನ ಮನೆ ಕರೆಂಟು ಸುಮಾರು 117 ವೋಲ್ಟ್. ಐದನ್ನೂ ಸಾಲಾಗಿ ಪೋಣಿಸಿ ಟ್ರಾನ್ಸ್‌ಫಾರ್ಮರ್ ಖರ್ಚೇ ಉಳಿಸಿದ್ದರು. ಎಷ್ಟು ಚೆಂದದ ಲೆಕ್ಕ, ಅಲ್ವಾ? ಆದರೆ ಒಂದು ಹೋದರೆ ಐದೂ ಆರುತ್ತವೆ. 230 ವೋಲ್ಟ್ ಇರುವ ಕಡೆ ಇಂಥ ಸೆಟ್ಟನ್ನು ನೇರ ಹಾಕುವಂತಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಟ್ರಾನ್ಸ್‌ಫಾರ್ಮರ್ ಕಂಡ ಮಾತ್ರಕ್ಕೂ ನಂಬಬೇಡಿ, ಅದು ಸೆಟ್ಟನ್ನು ಮೇನ್ಸ್‌ನಿಂದ ಬೇರ್ಪಡಿಸದ ಆಟೊ ಟ್ರಾನ್ಸ್‌ಫಾರ್ಮರ್ ಆಗಿರಬಹುದು. ಪ್ಲಗ್ ಕಿತ್ತು, ಸ್ವಿಚ್ ಆನ್ ಇಟ್ಟು, ಪ್ಲಗ್‌ನ ಎರಡೂ ಕರೆಂಟ್ ಪಿನ್‌ಗಳಿಂದ ಒಂದೊಂದಾಗಿ ಚಾಸಿಗೆ ಅಳೆಯಿರಿ. ಕೆಲವೇ ಓಮ್ ತೋರಿಸಿದರೆ ಚಾಸಿಯಲ್ಲಿ ಕರೆಂಟ್ ಬರುವ ಸೆಟ್ ಅದು. ಅದರ ಮೇಲೆ ಕೆಲಸ ಮಾಡಲು ಸೆಟ್ಟನ್ನು ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರಲೇಬೇಕು. ನಾಬ್‌ನ ಸ್ಕ್ರೂ ತೂತಿಗೆ ಮೇಣ ತುಂಬಿ, ಹಿಂದಿನ ಮುಚ್ಚಳವಿಲ್ಲದೆ ಹಚ್ಚಬೇಡಿ. ಮೊಬೈಲ್ ಹಾಡು ಕೇಳಲು ಇದಕ್ಕೆ ತಂತಿ ಎಳೆಯುವ ಯೋಚನೆಯನ್ನೂ ಬಿಡಿ. ಆ ತಂತಿ ಹಿಡಿದ ಕೈಗೆ ಕರೆಂಟ್ ಬಂದೀತು.

ಪ್ರಶ್ನೆ: ಎಲ್ಲಾ ಕಂಡೆನ್ಸರ್ ಬದಲಿಸಿದೆ. ವೋಲ್ಟೇಜ್ ಸರಿಯಿದೆ, ವಾಲ್ಯೂಮ್ ಪಾಟ್ ತಿರುಗಿಸಿದರೆ ಸ್ಪೀಕರ್‌ನಲ್ಲಿ ಸದ್ದಿದೆ. ಮೀಡಿಯಂ ವೇವ್‌ನಲ್ಲಿ ಒಂದೂ ಸ್ಟೇಷನ್ ಇಲ್ಲ. ಕಾಯಿಲ್‌ಗಳ ಸ್ಕ್ರೂ ತಿರುಗಿಸಿ ನೋಡಲಾ?

ಉತ್ತರ: ಆ ಸ್ಕ್ರೂಗಳನ್ನು ಕೊನೆಯವರೆಗೂ ಮುಟ್ಟಬೇಡಿ. ಅವು ತಾವಾಗಿ ಅಷ್ಟೊಂದು ಜಾರುವುದಿಲ್ಲ. ಮೊದಲು ಆಸಿಲೇಟರ್ (ಸೆಟ್ ಒಳಗೇ ಸಿಗ್ನಲ್ ಹುಟ್ಟಿಸುವ ಭಾಗ) ಓಡುತ್ತಿದೆಯಾ ನೋಡಿ. ಅದಕ್ಕೆ ಸಲಕರಣೆ ಏನೂ ಬೇಡ, ಮೀಡಿಯಂ ವೇವ್ ಇರುವ ಇನ್ನೊಂದು ಚಿಕ್ಕ ರೇಡಿಯೊ ಸಾಕು.

ಇಂಥ ಸೆಟ್‌ಗಳಲ್ಲಿ ಹೆಚ್ಚಿನವು ಸೂಪರ್‌ಹೆಟ್. ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ರೂಪಿಸಿದ ವಿಧಾನ ಅದು. ನೀವು ಹಿಡಿದ ಸ್ಟೇಷನ್‌ಗಿಂತ ಸುಮಾರು 455 ಕಿಲೊಹರ್ಟ್ಜ್ ಮೇಲೆ ಸೆಟ್ ತಾನೇ ಒಂದು ಸಿಗ್ನಲ್ ಹುಟ್ಟಿಸುತ್ತದೆ. ವಾಲ್ವ್ ರೇಡಿಯೊವನ್ನು 1000ದಲ್ಲಿ ಇಟ್ಟು, ಚಿಕ್ಕ ರೇಡಿಯೊವನ್ನು ಪಕ್ಕದಲ್ಲಿಟ್ಟು 1455ರ ಸುತ್ತ ಹಿಡಿಯಿರಿ. ವಾಲ್ವ್ ಸೆಟ್‌ನ ಮುಳ್ಳು ಅತ್ತಿತ್ತ ಆಡಿಸಿದಾಗ ಚಿಕ್ಕದರಲ್ಲಿ ಸಿಳ್ಳೆ ಕೇಳಿದರೆ, ಅಥವಾ ಗೊರಗೊರ ಸದ್ದು ಒಮ್ಮೆಗೇ ಮೌನವಾಗಿ ಹಾದುಹೋದರೆ, ಆಸಿಲೇಟರ್ ಓಡುತ್ತಿದೆ. ಏನೂ ಕೇಳದಿದ್ದರೆ ಇಸಿಎಚ್ 81ರಂಥ ಮಿಕ್ಸರ್ ವಾಲ್ವ್, ಅದರ ಸುತ್ತಲಿನ ರೆಸಿಸ್ಟರ್‌ಗಳು, ಇಲ್ಲವೇ ಬ್ಯಾಂಡ್ ಸ್ವಿಚ್ ನೋಡಿ. ಕಪ್ಪಾದ ಬ್ಯಾಂಡ್ ಸ್ವಿಚ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಬಿಟ್ಟು, ಇಪ್ಪತ್ತು ಸಲ ಆಕಡೆ ಈಕಡೆ ತಿರುಗಿಸಿ. ಎಷ್ಟೋ ಸೆಟ್ ಇದರಿಂದಲೇ ಹಾಡಿವೆ.

ಇನ್ನೊಂದು ಸಂಗತಿ. ಮೀಡಿಯಂ ವೇವ್ ಪ್ರಸಾರ ಹಲವು ದೇಶಗಳಲ್ಲಿ ನಿಂತಿದೆ. ನಿಮ್ಮಲ್ಲಿ ಸ್ಟೇಷನ್ ಇದೆಯಾ ಎಂದು ಅದೇ ಚಿಕ್ಕ ರೇಡಿಯೊದಲ್ಲಿ ಮೊದಲು ಕೇಳಿ. ರಾತ್ರಿ ಹೊತ್ತು ದೂರದ ಸ್ಟೇಷನ್‌ಗಳೂ ಬರುತ್ತವೆ. ಕಿಟಕಿಗೆ ನಾಲ್ಕೈದು ಮೀಟರ್ ತಂತಿ ಕಟ್ಟಿ ಏರಿಯಲ್ ಕೊಡಿ. ಹತ್ತಿರ ಎಲ್‌ಇಡಿ ದೀಪ, ಚಾರ್ಜರ್ ಇದ್ದರೆ ಆರಿಸಿ, ಗಲಾಟೆಯೆಲ್ಲಾ ಅವುಗಳಿಂದಲೇ ಬರುವುದು.

ಪ್ರಶ್ನೆ: ಡಯಲ್ ಗಾಜು ತುಂಬಾ ಕೊಳೆಯಾಗಿದೆ. ಯಾವುದರಿಂದ ತೊಳೆಯಲಿ?

ಉತ್ತರ: ಅಕ್ಷರ ಇರುವುದು ಗಾಜಿನ ಒಳಮೈಯಲ್ಲಿ. ಆ ಬಣ್ಣ ಸ್ಪಿರಿಟ್ಟಿಗೂ ಗಾಜು ಒರೆಸುವ ದ್ರಾವಣಕ್ಕೂ ಎದ್ದುಬರಬಹುದು, ಕೆಲವದರಲ್ಲಿ ಬರೀ ನೀರಿಗೂ. ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಒಳಮೈಗೆ ಮೆತ್ತನೆಯ ಒಣ ಬ್ರಷ್ ಮಾತ್ರ. ಅಂಚಿನಲ್ಲಿ ಅಕ್ಷರವಿಲ್ಲದ ಕಡೆ ಸ್ವಲ್ಪ ಬಣ್ಣ ಇದ್ದರೆ ಒದ್ದೆ ಹತ್ತಿಯ ತುದಿ ತಾಗಿಸಿ ನೋಡಿ. ಹತ್ತಿಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ, ಉಳಿದ ಕೊಳೆ ಹಾಗೇ ಇರಲಿ.