ಲಂಡನ್ ಪ್ರಾಮ್ಸ್: ನಿಂತು ಕೇಳಿ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಏನೂ ಗೊತ್ತಿಲ್ಲ, ಆಗಸ್ಟ್‌ನಲ್ಲಿ ಲಂಡನ್‌ಗೆ ಹೋದಾಗ ಅಲ್ಲಿ ಪ್ರತಿ ಬೇಸಿಗೆ ನಡೆಯುವ ಸಂಗೀತೋತ್ಸವ ಪ್ರಾಮ್ಸ್‌ಗೆ ಹೋದರೆ ಬೇಜಾರಾಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ!

ಅಲ್ಲಿ ಬೀಥೋವನ್‌ನಂಥವರ ಶಾಸ್ತ್ರೀಯ ಸಂಗೀತ ಒಂದೇ ಅಲ್ಲ. 2015ರಲ್ಲಿ ಬ್ರಿಟನ್‌ನ ಗಾಯಕರಾದ ಸ್ಟಾರ್ಮ್‌ಜಿ, ರೆಚ್ 32 ದೊಡ್ಡ ಆರ್ಕೆಸ್ಟ್ರಾ ಜೊತೆ ರ‍್ಯಾಪ್ ಮಾಡಿದರು. 2022ರಲ್ಲಿ ಒಂದು ಇಡೀ ಸಂಜೆ ಅಮೆರಿಕದ ಗಾಯಕಿ ಅರೀಥಾ ಫ್ರಾಂಕ್ಲಿನ್ ಅವರ ‘ಸೋಲ್’ (ಅಮೆರಿಕದ ಕಪ್ಪು ಜನರ ಭಾವತುಂಬಿದ ಸಂಗೀತ) ಹಾಡುಗಳು. ರವಿಶಂಕರ್ ಮತ್ತು ಅಮೆರಿಕದ ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ಹಿಂದೆ ಸೇರಿ ಮಾಡಿದ್ದ ಸಂಗೀತಕ್ಕೆ 2017ರಲ್ಲಿ ಅನುಷ್ಕಾ ಶಂಕರ್ ಸಿತಾರ್ ನುಡಿಸಿದರು. ಸಿತಾರ್ ಕಿವಿಗೆ ಪರಿಚಯ ಇದೆ ಅಲ್ವಾ? ಈ ಸಲದ ಪಟ್ಟಿಯಲ್ಲೂ ಅಂಥದ್ದೊಂದು ಸಿಕ್ಕರೆ ಅದರಿಂದಲೇ ಶುರು ಮಾಡಿ.

ಟಿಕೆಟ್ ವಿಷಯಕ್ಕೆ ಬಂದರೆ, ದುಬಾರಿ ಸೀಟು ಬೇಡವೇ ಬೇಡ. ಪ್ರಾಮ್ಸ್ ನಡೆಯುವ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ವೇದಿಕೆಯ ಮುಂದೆಯೇ ನಿಂತು ಕೇಳುವ ಜಾಗ ಇದೆ. ಆ ಟಿಕೆಟ್ ಅದೇ ದಿನ ಮಾರುತ್ತಾರೆ, ಈಚಿನ ವರ್ಷಗಳಲ್ಲಿ ಬೆಲೆ ಸುಮಾರು 8 ಪೌಂಡ್. 1895ರಲ್ಲಿ ಪ್ರಾಮ್ಸ್ ಶುರು ಮಾಡಿದ್ದೇ ಕಡಿಮೆ ದುಡ್ಡಿಗೆ ಜನ ಒಳ್ಳೆ ಸಂಗೀತ ಕೇಳಲಿ ಅಂತ. ಪಿಟೀಲಿನವರ ಬೆರಳು ಕಾಣುವಷ್ಟು ಹತ್ತಿರ ನಿಲ್ಲಬಹುದು. ನನಗಂತೂ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಕಾಲು ನೋಯುತ್ತೆ, ಮೆತ್ತನೆ ಶೂ ಹಾಕಿಕೊಳ್ಳಿ. ಸೌತ್ ಕೆನ್ಸಿಂಗ್ಟನ್ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ನಡೆದೇ ಹೋಗಬಹುದು.